ಬೆಡ್‌ಶೀಟ್ ಅಂದರೆ ಹೊದೆಯುವುದು

ಸಿಸ್ಟರಿಗೆ ಸಿಟ್ಟು ಮೊದಲು ಬರುತ್ತಿದ್ದುದು ಕಿವಿಗೆ. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ, ದನಿಯೂ ಏರುತ್ತಿರಲಿಲ್ಲ. ಬಿಳಿ ಟೋಪಿಯ ಕೆಳಗೆ ಆ ಎರಡು ಸಣ್ಣ ಕಿವಿಗಳು ಮಾತ್ರ ತುದಿಯಿಂದ ಶುರುವಾಗಿ ಹಾಲೆಯವರೆಗೂ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಅದನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿಯುತ್ತಿದ್ದವಳು ವಾರ್ಡಿನ ಆಯಾ. "ಕಿವಿ ಕೆಂಪಾಯ್ತು, ಜಾಗ ಖಾಲಿ ಮಾಡ್ರಿ" ಎಂದು ಪಿಸುಗುಟ್ಟಿ ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಆಮೇಲೆ ಯಾರಿಗೋ ಒಬ್ಬರಿಗೆ ಬೈಗುಳ ಬೀಳುತ್ತಿತ್ತು.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಮನೆಗಳು ಮುಗಿದು ಅರಿಶಿನದ ಹೊಲ ಶುರುವಾಗುವ ಜಾಗದಲ್ಲಿ ಆಗ ಒಂದು ಟ್ರಸ್ಟಿನ ಆಸ್ಪತ್ರೆ ಇತ್ತು. ಅದರ ಹೆಸರು ಬರೆಯುವುದಿಲ್ಲ; ಬರೆದರೆ ಕೈ ತೊಳೆಯಬೇಕಾಗುತ್ತದೆ. ನಾನು ಅಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದೆ. ಹುಟ್ಟಿದ್ದು ಹರದನಹಳ್ಳಿ. ಮದುವೆಯಾದ ಮೇಲೆ, ನಮ್ಮ ಯಜಮಾನರಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕೆಲಸವಾದ್ದರಿಂದ, ಗುಂಡ್ಲುಪೇಟೆಯಲ್ಲಿ ಮನೆ ಮಾಡಿದ್ದೆವು. ನಾನು ಸೇರಿದ ಮರುವರ್ಷ ಸಿಸ್ಟರ್ ಬಂದರು. ಗಡಿಯಾಚೆ, ಕೇರಳದ ಬತ್ತೇರಿಯ ಹತ್ತಿರದ ಊರು. ಮದುವೆ ಆಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲೇ ವಾಸ. ತಿಂಗಳಿಗೊಮ್ಮೆ ಬತ್ತೇರಿ ಬಸ್ಸು ಹತ್ತಿ ತಾಯಿಯನ್ನು ನೋಡಿಕೊಂಡು, ಮರುದಿನ ಮಧ್ಯಾಹ್ನದೊಳಗೆ ಬಾಳೆಕಾಯಿ ಚಿಪ್ಸಿನ ಪೊಟ್ಟಣದ ಜೊತೆ ವಾಪಸ್ಸು.

ಅವರ ಕನ್ನಡ ಕೇಳಿದರೆ ನಗು ಬರುತ್ತಿತ್ತು. ಗಂಡಸು, ಹೆಂಗಸು, ದೊಡ್ಡವರು, ಚಿಕ್ಕವರು ಎಲ್ಲರೂ ಅವರ ಬಾಯಲ್ಲಿ 'ಅದು' ಆಗಿಬಿಡುತ್ತಿದ್ದರು. "ಡಾಕ್ಟರ್ ಬಂತು, ಪೇಷೆಂಟ್ ಮಲಗಿತು, ನೀನು ಎಲ್ಲಿ ಹೋಯ್ತು?" ನನ್ನನ್ನು ಮೊದಲ ದಿನವೇ "ಮೋಳೆ" ಎಂದು ಕರೆದರು. ನಮ್ಮ ತಾಲೂಕಿನಲ್ಲಿ ಮೋಳೆ ಎಂದರೆ ಊರು. ಯಾವ ಮೋಳೆಯಿಂದ ಬಂದವಳು ಎಂದು ಕೇಳುತ್ತಿದ್ದಾರೆಂದುಕೊಂಡು, "ಇಲ್ಲ ಸಿಸ್ಟರ್, ನಮ್ಮದು ಹರದನಹಳ್ಳಿ" ಎಂದೆ. ಅವರ ಭಾಷೆಯಲ್ಲಿ ಅದಕ್ಕೆ ಮಗಳೇ ಎಂದರ್ಥ ಎಂದು ತಿಳಿಯಲು ಒಂದು ವಾರ ಹಿಡಿಯಿತು.

ಬೆಡ್‌ಶೀಟಿನ ಜಗಳ ಶುರುವಾದದ್ದು ಆ ವಾರದಲ್ಲೇ. ಸಂತೆಮರಹಳ್ಳಿ ಕಡೆಯ ಒಬ್ಬ ಮುದುಕ ಹೆಂಡತಿಯನ್ನು ಜ್ವರಕ್ಕೆ ಸೇರಿಸಿದ್ದ. ಆಸ್ಪತ್ರೆಯಲ್ಲಿ ಬಟ್ಟೆ ಸಾಲದೆ, ಮನೆಯಿಂದ ಬೆಡ್‌ಶೀಟ್ ತರಬೇಕೆಂದು ಸಿಸ್ಟರ್ ಹೇಳಿದ್ದರು. ಅವನು ತಂದ. ಸಿಸ್ಟರ್ ಬಂದು ನೋಡಿದರೆ ಮುದುಕಿ ಬರೀ ರೆಕ್ಸಿನ್ ಮೇಲೆ ಮಲಗಿದ್ದಾಳೆ, ಮೈಮೇಲೆ ಚೌಕಳಿಯ ದಪ್ಪ ಹೊದಿಕೆ.

"ಬೆಡ್‌ಶೀಟ್ ಎಲ್ಲಿ?" ಎಂದರು ಸಿಸ್ಟರ್.

"ಇಲ್ಲೇ ಅದಲ್ಲವ್ವಾ. ಚೆನ್ನಾಗಿ ಒದ್ಸಿವ್ನಿ."

ನಮ್ಮ ಹಳ್ಳಿಗಳಲ್ಲಿ 'ಹ' ಎನ್ನುವ ಅಕ್ಷರಕ್ಕೆ ಮರ್ಯಾದೆ ಕಡಿಮೆ. ಹೋಗು ಎಂಬುದು ಓಗು, ಹಾಸು ಎಂಬುದು ಆಸು. ಹೊದಿಸಿದ್ದೇನೆ ಎಂಬುದು ಹೀಗೆ 'ಒದ್ಸಿವ್ನಿ' ಆಗಿತ್ತು. ಸಿಸ್ಟರ್ ಕಲಿತಿದ್ದ ಅಷ್ಟಿಷ್ಟು ಕನ್ನಡದಲ್ಲಿ 'ಒದಿ' ಎಂಬ ಮಾತಿತ್ತು, ಕಾಲಿನಿಂದ ಒದೆಯುವ ಒದಿ.

"ಒದ್ದಾ? ಯಾರು ಒದ್ದಿತು? ಜ್ವರದ ಪೇಷೆಂಟನ್ನ ನೀನು ಒದ್ದಿತಾ?"

"ಅಯ್ಯೋ ಶಿವನೇ, ನಾನ್ಯಾಕವ್ವಾ ಒದಿಯನ? ಬೆಡ್ಸೀಟು ಒದ್ಸಿವ್ನಿ ಅಂದೆ."

"ಇದು ಬೆಡ್‌ಶೀಟ್ ಅಲ್ಲ. ಇದು ಪುದಪ್ಪು!"

"ಪುದಪ್ಪಾ? ಅದ್ಯಾವ್ ಸೊಪ್ಪವ್ವಾ?"

ಮಲಯಾಳದಲ್ಲಿ ಹೊದಿಕೆಗೆ ಪುದಪ್ಪು ಎನ್ನುತ್ತಾರೆಂದು ಯಾರಿಗೆ ಗೊತ್ತು? ವಾರ್ಡಿಗೆ ವಾರ್ಡೇ ನಕ್ಕಿತು. ಜ್ವರದ ಮುದುಕಿಯೂ ಹೊದಿಕೆಯೊಳಗೆ ಅಲುಗಾಡಿ ನಕ್ಕಳು. ಆಯಾ ನೆಲ ಒರೆಸುತ್ತಿದ್ದವಳು ನಿಂತು, "ನಮ್ ಮನೆಯಲ್ಲಿ ಚಾದರ್ ಅಂತೀವಿ ಸಿಸ್ಟರ್. ಹಾಸಿದ್ರೂ ಚಾದರ್, ಹೊದ್ರೂ ಚಾದರ್. ಜಗಳಾನೇ ಇಲ್ಲ" ಎಂದಳು. ಆಯಾಳ ಮನೆಮಾತು ಉರ್ದು. ಸಿಸ್ಟರ್ ನಗಲಿಲ್ಲ. "ಬೆಡ್ ಅಂದರೆ ಹಾಸಿಗೆ. ಹಾಸಿಗೆಗೆ ಹಾಕೋದು ಬೆಡ್‌ಶೀಟ್. ಮನುಷ್ಯನಿಗೆ ಹಾಕೋದು ಅಲ್ಲ" ಎಂದು ಮಂಚ ಮಂಚಕ್ಕೂ ಹೋಗಿ ಪಾಠ ಹೇಳಿದರು. ಯಾರೂ ಕಲಿಯಲಿಲ್ಲ.

ಯಾಕೆ ಕಲಿಯಬೇಕು? ನಮ್ಮ ಕಡೆ ಬೆಡ್‌ಶೀಟ್ ಅಂದರೆ ಹೊದೆಯುವುದೇ. ಇಂಗ್ಲಿಷ್ ಬಲ್ಲವರು ಎಷ್ಟು ಬೇಕಾದರೂ ನಗಲಿ. ನಮ್ಮಜ್ಜಿಯ ಕಾಲದಲ್ಲಿ ಕಂಬಳಿ ಇತ್ತು, ದಪ್ಪ ನೂಲಿನ ದುಪ್ಪಟಿ ಇತ್ತು. ಆಮೇಲೆ ಸಂತೆಗೆ ಬಣ್ಣಬಣ್ಣದ ಹೊದಿಕೆಗಳು ಬಂದವು. ಮಾರುವವರು ಬೆಡ್‌ಶೀಟ್ ಎಂದು ಕೂಗಿದರು, ಕೊಂಡವರು ಹೊದ್ದರು, ಹೆಸರು ಉಳಿಯಿತು. ಹಾಸುವುದಕ್ಕೆ ಚಾಪೆ ಇತ್ತು, ಜಮಖಾನ ಇತ್ತು, ಹಳೇ ಸೀರೆ ಇತ್ತು. ಅವಕ್ಕೆ ಯಾರೂ ಇಂಗ್ಲಿಷ್ ಹೆಸರಿಡಬೇಕಾಗಿರಲಿಲ್ಲ. ಬಾಣಂತಿ ನೋಡಲು ಹೋಗುವವರು ಬೆಡ್‌ಶೀಟ್ ಒಯ್ಯುತ್ತಿದ್ದರು. ಬಾಗಿಲಿಲ್ಲದ ಬಚ್ಚಲಿಗೆ ಅದೇ ಮರೆ, ಹೂ ಬಿಡಿಸಿದ ದಿನ ಚೆಂಡುಹೂವಿಗೆ ಅದೇ ಗಂಟು. ಬಿಸಿಲೇರಿದರೂ ಏಳದ ಸೋಮಾರಿಯನ್ನು "ಬೆಡ್ಸೀಟು ಮುಸುಕಾಕಂಡು ಮನಿಕ್ಕಂಡವ್ನೆ" ಎಂದು ಬೈಯುತ್ತಿದ್ದರು. ಬಡವರ ಮನೆಯಲ್ಲಿ ಬಟ್ಟೆ ಒಂದೇ ಇದ್ದರೆ ಅದು ಮೈಮೇಲೆ ಇರುತ್ತದೆ, ಹಾಸಿಗೆಯ ಮೇಲಲ್ಲ.

ಇದು ಸಿಸ್ಟರಿಗೆ ನಿಧಾನವಾಗಿ ಅರ್ಥವಾಯಿತು. ಅವರು ಸೋತರು ಎಂದು ಆಯಾ ಹೇಳುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅವರೇ, "ಬೆಡ್‌ಶೀಟ್ ಸರಿಯಾಗಿ ಹೊದ್ದುಕೋ, ಗಾಳಿ ಬರುತ್ತೆ" ಎಂದು ಬಾಣಂತಿಯರಿಗೆ ಹೇಳತೊಡಗಿದ್ದರು.

ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ. ಮೂರನೆಯದೂ ಹೆಣ್ಣೆಂದು ಒಬ್ಬ ಅತ್ತೆ ಮುಖ ತಿರುಗಿಸಿಕೊಂಡು ಕೂತಾಗ, ಸಿಸ್ಟರ್ ಮಗುವನ್ನು ತಂದು ಅವಳ ಮಡಿಲಲ್ಲೇ ಇಟ್ಟು, "ನೀನು ಹುಟ್ಟಿದಾಗ ನಿನ್ನ ಅಮ್ಮ ಹಿಂಗೇ ಕೂತಿತಾ?" ಎಂದು ಕೇಳಿದ್ದರು. ಅತ್ತೆ ಮಗುವನ್ನು ಕೆಳಗಿಡುವಂತಿರಲಿಲ್ಲ, ಸಿಸ್ಟರ್ ಎದುರಿಗೇ ನಿಂತಿದ್ದರು. ಡಾಕ್ಟರು ಮೈಸೂರಿನಿಂದ ವಾರಕ್ಕೆ ಮೂರು ದಿನ ಬರುತ್ತಿದ್ದರು. ತಡವಾಗಿ ಬಂದರೆ ಅವರಿಗೂ ತಪ್ಪುತ್ತಿರಲಿಲ್ಲ. ತಪ್ಪಿಸಿಕೊಂಡಿದ್ದವರು ಒಬ್ಬರೇ, ಟ್ರಸ್ಟಿನ ಕಾರ್ಯದರ್ಶಿ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಮೆಲುಮಾತು, ಎಲ್ಲರಿಗೂ "ಬನ್ನಿ, ಕೂತ್ಕೊಳ್ಳಿ." ಅಂಥವರ ಮೇಲೆ ಸಿಟ್ಟು ಮಾಡುವುದು ಕಷ್ಟ. ಕಾಲು ಊರಲು ಜಾಗವೇ ಸಿಗುವುದಿಲ್ಲ.

ಒಂದು ಡಿಸೆಂಬರಿನಲ್ಲಿ ಮೈಸೂರಿನ ಕಡೆಯ ಒಂದು ಕುಟುಂಬ ತೀರಿಕೊಂಡ ತಾಯಿಯ ನೆನಪಿಗೆ ಬೆಡ್‌ಶೀಟ್ ದಾನ ಕೊಟ್ಟಿತು. ಕೆಂಪು ಅಂಚಿನ, ಒಳ್ಳೆ ದಪ್ಪನೆಯ ಹೊದಿಕೆಗಳು. ಆ ವರ್ಷ ಚಳಿ ವಿಪರೀತ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬೀಸುವ ಗಾಳಿ ವಾರ್ಡಿನ ಒಡೆದ ಗಾಜುಗಳಿಂದ ನೇರವಾಗಿ ಒಳಗೆ ಬರುತ್ತಿತ್ತು. ದಾನಿಗಳು ಬಂದದ್ದು ಮಾತ್ರ ಬಿಸಿಲೇರಿದ ಮಧ್ಯಾಹ್ನ. ಕಾರ್ಯದರ್ಶಿಯವರು ಎಲ್ಲ ರೋಗಿಗಳಿಗೂ ಗಲ್ಲದವರೆಗೆ ಹೊದಿಸಿ ಫೋಟೊ ತೆಗೆಸಿದರು. ಬೆವರುತ್ತಿದ್ದ ಹೆಂಗಸರು ಕ್ಯಾಮೆರಾ ನೋಡಿ ನಕ್ಕರು. ದಾನಿಗಳ ಕಾರು ಗೇಟು ದಾಟಿತು. ಧೂಳು ಇಳಿಯುವ ಮೊದಲೇ ಅಪ್ಪಣೆ ಬಂತು: ಎಲ್ಲ ಬೆಡ್‌ಶೀಟ್ ಮಡಿಚಿ ಉಗ್ರಾಣಕ್ಕೆ ಹಾಕಿ. ಕೊಳೆಯಾಗುತ್ತವೆ. ಮುಂದಿನ ಬಾರಿ ದೊಡ್ಡವರು ಬಂದಾಗ ಬೇಕು.

ಇಷ್ಟು ವರ್ಷವಾಗಿದೆ, ಈ ಸಾಲು ಬರೆಯುವಾಗಲೂ ಹಲ್ಲು ಕಡಿಯುತ್ತೇನೆ.

ಆ ವಾರ ವಾರ್ಡಿನಲ್ಲಿ ಬಂಡೀಪುರದಂಚಿನ ಗಿರಿಜನರ ಹಾಡಿಯ ಒಬ್ಬ ಹುಡುಗಿ ಹೆತ್ತಿದ್ದಳು. ತಿಂಗಳು ತುಂಬಿರಲಿಲ್ಲ. ಮಗು ಅಂಗೈ ಮೇಲೆ ಕೂರುವಷ್ಟಿತ್ತು. ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದರೆ, ಅವರ ಕಡೆಯವರು ಬರಿಗೈ ತೋರಿಸಿದರು. ಹಾಗಾದರೆ ಬೆಚ್ಚಗಿಡಿ, ಅದೊಂದೇ ಔಷಧಿ ಎಂದು ಹೇಳಿ ಡಾಕ್ಟರು ಮೈಸೂರಿಗೆ ಹೊರಟರು. ಸಿಸ್ಟರ್ ಮಗುವನ್ನು ತಾಯಿಯ ಎದೆಗೆ ಕಟ್ಟಿ, ತಮ್ಮ ಸ್ವೆಟರ್ ಸುತ್ತಿದರು. ಆಯಾ ಮನೆಯಿಂದ ಚಾದರ್ ತಂದಳು. ಸಾಲಲಿಲ್ಲ. ಮಗುವಿನ ಪಾದ ತಣ್ಣಗೇ ಇತ್ತು. ಸಿಸ್ಟರ್ ಕಾರ್ಯದರ್ಶಿಯ ಕೋಣೆಗೆ ಹೋದರು. ಲ್ಯಾಬು ಪಕ್ಕದಲ್ಲೇ ಇದ್ದುದರಿಂದ ಮಾತೆಲ್ಲ ನನಗೆ ಕೇಳಿಸುತ್ತಿತ್ತು.

"ಸಾರ್, ಉಗ್ರಾಣದಿಂದ ಬೆಡ್‌ಶೀಟ್ ಬೇಕು."

"ಪ್ರತಿ ಮಂಚಕ್ಕೂ ಬೆಡ್‌ಶೀಟ್ ಹಾಸಿದೆಯಲ್ಲ ಸಿಸ್ಟರ್."

"ಹಾಸಿದ್ದು ಅಲ್ಲ ಸಾರ್. ಹೊದಿಯೋದು."

ಅವರು ನಕ್ಕರು. "ಬೆಡ್‌ಶೀಟ್ ಅಂದ್ರೆ ಹಾಸೋದು ಸಿಸ್ಟರ್. ಹೊದಿಯೋದಲ್ಲ. ನೀವೇ ಈ ಹಳ್ಳಿಯವರಿಗೆ ಪಾಠ ಹೇಳ್ತಿದ್ರಂತಲ್ಲ? ಆಸ್ಪತ್ರೆ ಬೆಡ್‌ಶೀಟ್ ಕೊಡುತ್ತೆ, ಕೊಟ್ಟಿದ್ದೀವಿ. ಹೊದಿಕೆ ಅವರವರೇ ತಂದ್ಕೋಬೇಕು."

ಒಂದು ಮಾತಿನ ಅರ್ಥ ಹಿಡಿದುಕೊಂಡು ಒಂದು ಕೂಸನ್ನು ಚಳಿಗೆ ಬಿಡುವ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಸಿಸ್ಟರ್ ಹೊರಗೆ ಬಂದಾಗ ಅವರ ಕಿವಿಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಬೀಗದ ಕೈ ಸಮೇತ ಮೈಸೂರಿಗೆ ಹೋಗಿದ್ದರು. ಸಿಸ್ಟರ್ ಅಡುಗೆಮನೆಯಿಂದ ರುಬ್ಬುಗುಂಡು ಎತ್ತಿಕೊಂಡು ಬರುವುದನ್ನು ಕಂಡು ನಾನು ಲ್ಯಾಬಿನಿಂದ ಎದ್ದು ಹಿಂದೆಯೇ ಹೋದೆ. "ನೀನು ಹೋಗು ಮೋಳೆ" ಎಂದರು. ನಾನು ಹೋಗಲಿಲ್ಲ. ಬೀಗ ಅಲುಗದಂತೆ ಚಿಲಕವನ್ನು ನಾನು ಒತ್ತಿ ಹಿಡಿದೆ, ಅವರು ಗುಂಡಿನಿಂದ ಬಡಿದರು. ಬೀಗಕ್ಕಿಂತ ಮೊದಲು ಬಾಗಿಲಿನ ಕೊಂಡಿಯೇ ಕಿತ್ತು ಬಂತು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನಲ್ಲಿ ಎಲ್ಲರ ಮೈಮೇಲೂ ಕೆಂಪಂಚು. ಹಾಡಿಯ ಹುಡುಗಿ ಹೊದಿಕೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ಸಂಜೆಗೆ ಮಗುವಿನ ಪಾದ ಮುಟ್ಟಿ ನೋಡಿದ ಸಿಸ್ಟರ್ ನನ್ನ ಕೈ ಹಿಡಿದು ಅದರ ಮೇಲಿಟ್ಟರು. ಬೆಚ್ಚಗಿತ್ತು.

ಕಾರ್ಯದರ್ಶಿ ವಾಪಸ್ಸು ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಾಗಿತ್ತು. ಹೊಸ ಕೊಂಡಿ ಹಾಕಿಸಿದರು. ಮೆಲ್ಲಗೆ ಎಣಿಸಿದರು. ಅಷ್ಟರಲ್ಲಿ ಹಾಡಿಯ ಹುಡುಗಿ, ಮಗು ಚೇತರಿಸಿಕೊಂಡಿತೆಂದು, ಮನೆಗೆ ಹೋಗಿಯಾಗಿತ್ತು. ಮಗುವಿಗೆ ಸುತ್ತಿದ್ದ ಬೆಡ್‌ಶೀಟನ್ನು ಸಿಸ್ಟರ್ ಹಾಗೆಯೇ ಕಳಿಸಿದ್ದರು. ಅದೊಂದು ಕಡಿಮೆ ಬಂತು.

ಆಮೇಲೆ ಕಾರ್ಯದರ್ಶಿ ಮಾಡಿದ್ದನ್ನು ನಾನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಆಸ್ಪತ್ರೆಯ ಜೀಪು ಕಳಿಸಿದರು. ಜ್ವರ ಬಂದವರಿಗೆ ಹೋಗದ ಜೀಪು, ಹೆರಿಗೆ ನೋವಿನವರಿಗೆ ಡೀಸೆಲ್ ಇಲ್ಲವೆಂದು ನಿಲ್ಲುತ್ತಿದ್ದ ಜೀಪು, ಒಂದು ಬೆಡ್‌ಶೀಟ್ ವಾಪಸ್ಸು ತರಲು ಕಾಡಿನಂಚಿಗೆ ಹೋಯಿತು. ತಂದಿತು ಕೂಡ. ಡ್ರೈವರು ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತು ಹೇಳಿದ:

"ಕೂಸ್ನ ಚಾಪೆ ಮ್ಯಾಲೆ ಇಟ್ಬುಟ್ಟು, ಮಡಿಚಿ ಕೊಟ್ಲು ಕಣಕ್ಕಾ. ಬೈದಿದ್ರೂ ಚೆನ್ನಾಗಿತ್ತು."

ಸಿಸ್ಟರ್ ನನ್ನ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಡ್ರೈವರನ ಕಂಕುಳಿನಿಂದ ಆ ಬೆಡ್‌ಶೀಟನ್ನು ಎಳೆದುಕೊಂಡರು. ಹಾಲಿನ ಕಲೆ, ಒಲೆಯ ಹೊಗೆಯ ವಾಸನೆ. ಸೀದಾ ಕಾರ್ಯದರ್ಶಿಯ ಕೋಣೆಗೆ ನಡೆದರು. ಅಲ್ಲಿ ಊರಿನ ಇಬ್ಬರು ದೊಡ್ಡ ಮನುಷ್ಯರು ಕಾಫಿ ಕುಡಿಯುತ್ತಾ ಕೂತಿದ್ದರು. ಸಿಸ್ಟರ್ ಬೆಡ್‌ಶೀಟನ್ನು ಎರಡೂ ಕೈಯಲ್ಲಿ ಝಾಡಿಸಿ ಬಿಡಿಸಿ ಕಾರ್ಯದರ್ಶಿಯ ತಲೆಯ ಮೇಲೆ ಎಸೆದರು. ಇಸ್ತ್ರಿಯ ಷರ್ಟು, ಕನ್ನಡಕ, ಕಾಫಿ ಲೋಟ ಎಲ್ಲ ಮುಚ್ಚಿಹೋಯಿತು. ಆಗ ಸಿಸ್ಟರ್ ದನಿ ಎತ್ತಿದರು. ಆಸ್ಪತ್ರೆಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

"ಕೇಳಿ ಸಾರ್! ಬೆಡ್ಸೀಟು ಅಂದ್ರೆ ಒದಿಯೋದು!"

ನಮ್ಮ ಹಳ್ಳಿಯವರ ಹಾಗೆಯೇ, 'ಹ' ಬಿಟ್ಟು. ಬಾಯಿತಪ್ಪಿ ಬಂತೋ, ಬೇಕೆಂದೇ ಅಂದರೋ ಗೊತ್ತಿಲ್ಲ. ಬಾಗಿಲಲ್ಲಿ ಗುಂಪುಗೂಡಿದ್ದ ಹೆಂಗಸರಿಗೆ ಎರಡೂ ಅರ್ಥ ತಿಳಿಯಿತು. ಆಯಾ ಸೆರಗು ಬಾಯಿಗೆ ತುರುಕಿಕೊಂಡು ಓಡಿಹೋದಳು.

ಸಂಜೆಯೊಳಗೆ ಸಿಸ್ಟರ್ ಕೆಲಸ ಹೋಯಿತು. ಮರುದಿನ ಬೀಗ ಒಡೆದದ್ದರ ವಿಚಾರಣೆಗೆ ಪೊಲೀಸರು ಬಂದರು. ಯಾರು ಯಾರು ಇದ್ದಿರಿ ಎಂದು ಕೇಳಿದಾಗ ನಾನು ಮುಂದೆ ಬಂದು, "ನಾನೂ ಇದ್ದೆ, ಚಿಲಕ ಹಿಡಿದವಳು ನಾನೇ" ಎಂದೆ. ಸಿಸ್ಟರ್ ನನ್ನ ಕಡೆ ತಿರುಗಿಯೂ ನೋಡದೆ, "ಇದು ಸುಳ್ಳು ಹೇಳುತ್ತೆ ಸಾರ್. ಇದು ಲ್ಯಾಬಲ್ಲಿ ಇತ್ತು. ಬಸುರಿ ಹೆಂಗಸು, ತಲೆ ತಿರುಗಿ ಏನೋ ಮಾತಾಡುತ್ತೆ" ಎಂದುಬಿಟ್ಟರು. ನನಗೆ ಮೂರು ತಿಂಗಳು ಎನ್ನುವುದು ಅಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ನಾನು ಮತ್ತೆ ಹೇಳಿದೆ. ಪೊಲೀಸಿನವರು ನಕ್ಕು, "ಓಗಮ್ಮ, ಓಗಿ ರೆಸ್ಟ್ ತಗೋ" ಎಂದರು. ಅವರಿಗೆ ಒಬ್ಬರು ಸಾಕಾಗಿತ್ತು. ಕೇಸು ಮುಂದೆ ಎಲ್ಲಿಗೂ ಹೋಗಲಿಲ್ಲ, ಆದರೆ ಸಿಸ್ಟರ್ ಹೋದರು. ಬತ್ತೇರಿ ಬಸ್ಸಿಗೆ ಕಾಯುತ್ತಿದ್ದಾಗ ನಾನು ಅವರ ಮೇಲೇ ಹಾರಿಬಿದ್ದೆ. ನನ್ನ ಪಾಲಿನದ್ದನ್ನು ನೀವೇಕೆ ತಗೊಂಡಿರಿ, ನನ್ನನ್ನು ಸುಳ್ಳಿ ಮಾಡಿದಿರಿ ಎಂದು ಅತ್ತೆ. ಅವರು ಚೀಲ ಕೆಳಗಿಟ್ಟು, "ನಿನಗೆ ಸಿಟ್ಟು ಬಂತು. ಒಳ್ಳೇದು" ಎಂದರು. ಅಷ್ಟೇ.

ದಾನಿಗಳು ಏನೂ ವಿಚಾರಿಸಲಿಲ್ಲ. ಫೋಟೊ ಸಿಕ್ಕಿತ್ತು, ಅವರಿಗೆ ಅಷ್ಟು ಸಾಕಾಗಿತ್ತು. ಡಾಕ್ಟರು ವಾರಕ್ಕೆ ಮೂರು ದಿನ ಬಂದು ಹೋಗುತ್ತಲೇ ಇದ್ದರು, ಆ ವಿಷಯ ತಾವಾಗಿ ಒಮ್ಮೆಯೂ ಎತ್ತಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ನಮ್ಮ ಯಜಮಾನರು ಡ್ಯೂಟಿಯಿಂದ ಬಂದು, ಆ ಹಾಡಿಯ ಮಗು ಹೋಯಿತಂತೆ ಎಂದರು. ನ್ಯುಮೋನಿಯಾ ಇರಬೇಕು, ಸರಿಯಾಗಿ ಯಾರಿಗೂ ಗೊತ್ತಿಲ್ಲ. ನಾನು ಕೇಳಿದ್ದಕ್ಕೆ, ಬೆಡ್‌ಶೀಟಿಗೂ ಸಾವಿಗೂ ಸಂಬಂಧವಿಲ್ಲ, ಅಂಥ ಮಕ್ಕಳು ಉಳಿಯುವುದೇ ಕಷ್ಟ ಎಂದು ಡಾಕ್ಟರು ಹೇಳಿದರು. ಇರಬಹುದು. ಡಾಕ್ಟರ ಮಾತನ್ನು ನಾನು ಸುಳ್ಳು ಎನ್ನಲಾರೆ. ಆದರೆ ಚಳಿ ಇತ್ತು, ಮಗು ಇತ್ತು, ಅದರ ಮೇಲೆ ಒಂದು ಹೊದಿಕೆ ಇತ್ತು, ಆ ಹೊದಿಕೆಯನ್ನು ಜೀಪಿನಲ್ಲಿ ಹೋಗಿ ಕಿತ್ತು ತಂದರು. ಇಷ್ಟನ್ನು ಯಾರೂ ಸುಳ್ಳು ಎನ್ನಲಾರರು.

ನನ್ನ ಮಗಳು ಹುಟ್ಟಿ ಕೆಲವು ತಿಂಗಳಿಗೆ, ಅವಳನ್ನು ಎತ್ತಿಕೊಂಡು ಬತ್ತೇರಿಗೆ ಹೋದೆ. ಸಿಸ್ಟರ್ ಮನೆಯಲ್ಲೇ ಇದ್ದರು. ಬೇರೆ ಕೆಲಸ ಸಿಕ್ಕಿರಲಿಲ್ಲ. ಎಲ್ಲಿ ಹೋದರೂ ಅಲ್ಲಿಯವರು ಹಳೆಯ ಆಸ್ಪತ್ರೆಗೆ ಫೋನು ಮಾಡಿ ಕೇಳುತ್ತಿದ್ದರಂತೆ, ಬೀಗ ಒಡೆದವಳು ಎಂಬ ಉತ್ತರ ಬರುತ್ತಿತ್ತಂತೆ. ಮಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಉಗುರು ಬೆಳೆದಿದೆ ಎಂದು ನನ್ನನ್ನು ಬೈದು, ತಾವೇ ಕತ್ತರಿಸಿದರು. ಆಮೇಲೆ "ಹಾಡಿಯ ಮಗು ಹೆಂಗಿದೆ?" ಎಂದರು. ಹೇಳಿದೆ. ಅವರು ಎದ್ದು ಅಂಗಳಕ್ಕೆ ಹೋಗಿ, ಮೆಣಸಿನ ಬಳ್ಳಿಗಳಿಗೆ ಬೆನ್ನು ಹಾಕಿ ನಿಂತು ಮಲಯಾಳದಲ್ಲಿ ಬೈಯತೊಡಗಿದರು. ಒಂದು ಮಾತೂ ನನಗೆ ತಿಳಿಯಲಿಲ್ಲ. ಅವರ ತಾಯಿ ಒಳಗೆ ಕಿವಿ ಮುಚ್ಚಿಕೊಂಡದ್ದನ್ನು ನೋಡಿ, ಸರಿಯಾಗಿಯೇ ಬೈಯುತ್ತಿದ್ದಾರೆಂದು ಸಮಾಧಾನವಾಯಿತು.

ಮಗಳು ಸ್ಕೂಲಿಗೆ ಹೋಗತೊಡಗಿದ ಕಾಲಕ್ಕೆ ನಾನು ಚಾಮರಾಜನಗರದ ಬೇರೊಂದು ಲ್ಯಾಬು ಸೇರಿದ್ದೆ. ಆಯಾ ಫೋನು ಮಾಡಿ, ಸಿಸ್ಟರ್ ಹೋಗಿಬಿಟ್ಟರು ಎಂದಳು. ಹೊಟ್ಟೆಯಲ್ಲಿ ಗಡ್ಡೆ, ಕಂಡುಹಿಡಿಯುವಾಗಲೇ ತಡವಾಗಿತ್ತಂತೆ. ಸುದ್ದಿ ಬರುವಷ್ಟರಲ್ಲಿ ಮಣ್ಣೂ ಆಗಿತ್ತು.

ಅದಾದ ಕೆಲವು ತಿಂಗಳಿಗೆ ಆ ಟ್ರಸ್ಟಿನ ವಾರ್ಷಿಕೋತ್ಸವ. ಹಳಬರನ್ನೆಲ್ಲ ಕರೆದಿದ್ದರು. ನಾನು ಹೋಗುತ್ತಿರಲಿಲ್ಲ, ಸಿಸ್ಟರ್ ಫೋಟೊ ಹಾಕಿದ್ದಾರೆ ಎಂದು ಆಯಾ ಹೇಳಿದ್ದರಿಂದ ಮಗಳ ಕೈ ಹಿಡಿದುಕೊಂಡು ಹೋದೆ. ನಿಜವಾಗಿಯೂ ಹಾಕಿದ್ದರು. 'ಸೇವಾಮೂರ್ತಿಗಳು' ಎಂದು ಬರೆದ ಗೋಡೆಯ ಮೇಲೆ ದೊಡ್ಡದು ಮಾಡಿಸಿದ ಫೋಟೊ, ಚೆಂಡುಹೂವಿನ ಹಾರ. ಕಾರ್ಯದರ್ಶಿ ಮೈಕಿನ ಮುಂದೆ ನಿಂತು ಅದೇ ಮೆಲುದನಿಯಲ್ಲಿ ಹೇಳಿದರು: "ನಮ್ಮ ಸಿಸ್ಟರ್ ತಾಳ್ಮೆಯ ಮೂರ್ತಿ. ಒಂದು ದಿನವೂ ಒಬ್ಬರ ಮೇಲೂ ದನಿ ಎತ್ತಿದವರಲ್ಲ."

ಕೆಲಸ ಕಿತ್ತುಕೊಂಡರು, ಹೆಸರು ಕೆಡಿಸಿದರು, ಈಗ ಸಿಟ್ಟನ್ನೂ ಕಿತ್ತುಕೊಳ್ಳುತ್ತಿದ್ದರು. ನಾನು ಎದ್ದೆ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಗೋಡೆಯ ಹತ್ತಿರ ಹೋದೆ. ಹಾರ ತೆಗೆದು ಮೇಜಿನ ಮೇಲಿಟ್ಟೆ. ಫೋಟೊವನ್ನು ಮೊಳೆಯಿಂದ ಬಿಡಿಸಿಕೊಂಡೆ.

"ಏನಮ್ಮಾ ಇದು? ಏನು ಮಾಡ್ತಿದ್ದೀರಿ?" ಎಂದರು ಕಾರ್ಯದರ್ಶಿ, ಮೈಕಿನಲ್ಲೇ.

"ಇವರು ತಪ್ಪು ಜಾಗಕ್ಕೆ ಬಂದುಬಿಟ್ಟವ್ರೆ ಸಾರ್. ಕರ್ಕೊಂಡು ಹೋಗ್ತಿದ್ದೀನಿ" ಎಂದೆ.

ಯಾರೂ ತಡೆಯಲಿಲ್ಲ. ಆಯಾ ಗೇಟಿನವರೆಗೂ ನನ್ನ ಜೊತೆ ನಡೆದು ಬಂದಳು. ಚಾಮರಾಜನಗರದ ಬಸ್ಸಿನಲ್ಲಿ ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತೆ. ಮಗಳು ಫೋಟೊದ ಗಾಜಿನ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ನೋಡಿ, "ಯಾರಮ್ಮ ಇವರು?" ಎಂದು ಕೇಳಿದಳು.

"ತುಂಬಾ ಸಿಟ್ಟಿನವರು ಕಣಮ್ಮಿ" ಎಂದೆ.